ನೆಕ್ಕಿದ್ದು ಅಷ್ಟೇ

ಯಲಹಂಕದ ನಮ್ಮ ಬೀದಿಯಲ್ಲೊಂದು ಕಂದು ನಾಯಿ ಇದೆ. ರಾತ್ರಿ ಆಫೀಸ್ ಕ್ಯಾಬ್ ಇಳಿದ್ರೆ ಗೇಟಿನವರೆಗೂ ಎಸ್ಕಾರ್ಟ್ ಕೊಡುತ್ತೆ. ಸಂಬಳ ಎರಡು ಪಾರ್ಲೆ-ಜಿ. ಹೋದ ತಿಂಗಳು ಬಿಸ್ಕೆಟ್ ಕೊಡೋಕೆ ಬಗ್ಗಿದಾಗ, ಅವತ್ತೇ ಬೈಕ್ ಸ್ಕಿಡ್ ಆಗಿ ತರಚಿದ್ದ ನನ್ನ ಮೊಣಕೈಯನ್ನ ಪ್ರೀತಿಯಿಂದ ನೆಕ್ಕಿತು. ನಕ್ಕು ಲಿಫ್ಟ್ ಹತ್ತಿದೆ. ಮೂರನೇ ಫ್ಲೋರ್ ಬರೋವಷ್ಟರಲ್ಲಿ ಊರಿನ ಗೆಳೆಯ ನೆನಪಾದ.

ನಾವಾಗ ನಾಲ್ಕನೇ ಕ್ಲಾಸು. ಆಡುವಾಗ ಬಿದ್ದು ಅವನ ಮಂಡಿ ತರಚಿತ್ತು. ಒಂದು ನಾಯಿಮರಿ ಬಂದು ಗಾಯ ನೆಕ್ತು, ಕಚ್ಚಲಿಲ್ಲ. ನಾಲ್ಕೇ ದಿನಕ್ಕೆ ಮರಿ ಸತ್ತುಹೋಯ್ತು. ನಾವಿಬ್ಬರೇ ಹುಣಸೆಮರದ ಕೆಳಗೆ ಮಣ್ಣು ಮಾಡಿದ್ವಿ. ಎರಡು ತಿಂಗಳಾದ ಮೇಲೆ ಅವನಿಗೆ ಜ್ವರ ಬಂತು. ಆಮೇಲೆ ನೀರಿನ ಲೋಟ ಕಂಡ್ರೇ ಗಂಟಲು ಬಿಗಿಯೋಕೆ ಶುರುವಾಯ್ತು. ಯಾವ ನಾಯಿ ಕಚ್ತು ಅಂತ ದೊಡ್ಡೋರು ಕೇಳಿದರು. ಯಾವುದೂ ಕಚ್ಚಿಲ್ಲ ಅಂತ ಹೇಳಿದ್ದು ನಾನೇ. ಸುಳ್ಳೇನೂ ಅಲ್ವಲ್ಲ.

ಆಗ ಪೂರ್ತಿ ಹೇಳಿದ್ರೂ ಅವನು ಉಳೀತಿರಲಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಇದು ಗೊತ್ತಾದ ಮೇಲೂ ನನಗೆ ಸಮಾಧಾನ ಆಗಲಿಲ್ಲ.

ವೈರಸ್ ಇರೋದು ಜೊಲ್ಲಿನಲ್ಲಿ. ಹಲ್ಲು ಅದಕ್ಕೊಂದು ಬಾಗಿಲು ಅಷ್ಟೆ. ತರಚಿದ ಚರ್ಮ, ಕಣ್ಣು, ಬಾಯಿಯ ಒಳಪದರ ಕೂಡ ಬಾಗಿಲೇ. ಗಾಯವಿಲ್ಲದ ಚರ್ಮ ನೆಕ್ಕಿದರೆ ಭಯವಿಲ್ಲ. ಒಳಹೊಕ್ಕ ವೈರಸ್ ನರ ಹಿಡಿದು ಮಿದುಳಿನ ಕಡೆ ನಿಧಾನಕ್ಕೆ ನಡೆಯುತ್ತೆ. ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಹಿಡಿಯುತ್ತೆ. ಲಸಿಕೆಗೆ ಸಿಗೋ ಟೈಮ್ ಅದೇ.

ಅಜ್ಜಿ ಇದ್ದಿದ್ರೆ ಗಾಯಕ್ಕೆ ಖಾರದ ಪುಡಿ ಮೆತ್ತುತ್ತಿದ್ದಳು. ನಾನು ಫೋನಿನಲ್ಲಿ 15 ನಿಮಿಷದ ಟೈಮರ್ ಇಟ್ಟು, ನಲ್ಲಿ ಕೆಳಗೆ ಸೋಪು ಹಾಕಿ ತೊಳೆದೆ. ಆ ರಾತ್ರಿಯೇ ಆಸ್ಪತ್ರೆಗೆ ಹೋದೆ. ತೆರೆದ ಗಾಯ ನೆಕ್ಕಿದ್ದೂ ಮೂರನೇ ಕೆಟಗರಿ, ರಕ್ತ ಬರೋ ಹಾಗೆ ಕಚ್ಚಿದ್ದಕ್ಕೆ ಸಮ ಅಂದರು ಡಾಕ್ಟರ್. ಗಾಯಕ್ಕೇ ಇಮ್ಯುನೊಗ್ಲಾಬ್ಯುಲಿನ್, ತೋಳಿಗೆ ಲಸಿಕೆ. ಚೀಟಿಯಲ್ಲಿ ದಿನ 0, 3, 7, 14, 28 ಅಂತಿತ್ತು. ಎಣಿಕೆ ಸೊನ್ನೆಯಿಂದ ಶುರು, ನಮ್ಮ ಕೋಡಿನ ಹಾಗೇ.

ನಾನು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ, ಸತ್ತ ನಾಯಿಯ ಮಿದುಳು ಪರೀಕ್ಷಿಸಿ ರೇಬೀಸ್ ಇತ್ತಾ ಅಂತ ಹೇಳೋ ಲ್ಯಾಬ್ ಇದೆ. 2022ರಿಂದ ಕರ್ನಾಟಕದಲ್ಲಿ ಮನುಷ್ಯರ ರೇಬೀಸ್ ಪ್ರಕರಣವನ್ನ ಸರ್ಕಾರಕ್ಕೆ ತಿಳಿಸಲೇಬೇಕು. ನಮ್ಮ ಮರಿಯ ವಿಷಯ ಹುಣಸೆಮರಕ್ಕೆ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ.

ನಾಯಿ ಮೇಲೆ ಹತ್ತು ದಿನ ಕಣ್ಣಿಡಿ ಅಂದಿದ್ರು. ದಿನಾ ರಾತ್ರಿ ಕ್ಯಾಬ್ ಇಳಿಯೋವಾಗ ಎದೆ ಡವಡವ. ಹತ್ತನೇ ರಾತ್ರಿಯೂ ಬಾಲ ಅಲ್ಲಾಡಿಸ್ತಾ ಬಂತು. ಮರು ಭಾನುವಾರ ಅದಕ್ಕೂ ಲಸಿಕೆ ಹಾಕಿಸಿದ್ವಿ.

ಊರಿಗೆ ಹೋದಾಗಲೆಲ್ಲ ಗೆಳೆಯನ ಅಮ್ಮ ಕಾಫಿ ಕೊಡ್ತಾರೆ. ನಾಯಿಮರಿ ವಿಷಯ ಅವರಿಗೆ ಇನ್ನೂ ಹೇಳಿಲ್ಲ.