ಲೋಡಿಗೆ ಜಾಗವಿದೆ, ನೀರಿನ ಬಾಟಲಿಗಿಲ್ಲ

ನಮ್ಮ ಕಡೆ ಪಿಕಪ್ ಗಾಡಿ ಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು, ‘ಎಷ್ಟು ಲೋಡ್ ಹೊರ್ತದೆ?’ ಆಮೇಲೆ ಮೈಲೇಜು, ಕಂತು. ಮುಂದೆ ಕೂರುವವನು ಎಷ್ಟು ಹೊತ್ತು ಕೂರಬಲ್ಲ ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ.

2005ರಲ್ಲಿ ಟಾಟಾ ಏಸ್ ಬಂದು ‘ಛೋಟಾ ಹಾಥಿ’ ಎನಿಸಿಕೊಂಡಿತು. ಆಮೇಲೆ ಬೇರೆ ಕಂಪನಿಗಳ ಸಣ್ಣ ಗಾಡಿಗಳೂ ಬಂದವು. ಮದ್ದೂರಿನ ಎಳನೀರು, ಮಂಡ್ಯದ ಬೆಲ್ಲ, ಮಳವಳ್ಳಿ ಕಡೆಯಿಂದ ರಾಮನಗರಕ್ಕೆ ಹೋಗುವ ರೇಷ್ಮೆಗೂಡು, ಹೀಗೆ ಲಾರಿ ತುಂಬದ ಫಸಲಿಗೆಲ್ಲ ಈಗ ಪಿಕಪ್ಪೇ ಗತಿ.

ನನ್ನ ತಮ್ಮನದೂ ಇಂಥದೇ ಒಂದು ಗಾಡಿ. ಮಳವಳ್ಳಿ ಹತ್ತಿರದ ನಮ್ಮೂರಿನಿಂದ ಕೆ.ಎಂ. ದೊಡ್ಡಿ ಹಾದು ಮದ್ದೂರು, ಅಲ್ಲಿ ಎಳನೀರು ತುಂಬಿಸಿಕೊಂಡು ಬೆಂಗಳೂರು. ತವರಿಗೆ ಹೋದಾಗಲೆಲ್ಲ ನಾನೂ ಅದರಲ್ಲಿ ಓಡಾಡಿದ್ದೇನೆ. ಒಳಗೆ ಕಂಪನಿ ಕೊಟ್ಟಿದ್ದಕ್ಕಿಂತ ಅವನು ಸೇರಿಸಿದ್ದೇ ಹೆಚ್ಚು. ಬಾಟಲಿ ಇಡಲು ಜಾಗವಿಲ್ಲ, ಬಾಗಿಲಿಗೆ ತಂತಿಯ ಬಳೆ ಸುತ್ತಿದ್ದಾನೆ. ಕಾಗದಪತ್ರ, ತೂಕದ ಚೀಟಿ ಎಲ್ಲ ಬಟ್ಟೆ ಕ್ಲಿಪ್ಪಿನಲ್ಲಿ. ಮೊಬೈಲಿಗೆ ರಬ್ಬರ್ ಬ್ಯಾಂಡು. ಎಂಜಿನ್ ಸೀಟಿನ ಅಡಿಯಲ್ಲೇ ಇರುವುದರಿಂದ ಕಾವು ತಡೆಯಲು ಮಡಿಸಿದ ಗೋಣಿಚೀಲ. ಸೀಟು ಹಿಂದಕ್ಕೆ ಬಾಗದು, ಬೆನ್ನಿಗೆ ಅವ್ವನ ಹಳೇ ಸೀರೆಯ ದಿಂಬು.

‘ಈ ಗಾಡಿ ಮಾಡ್ದೋನು ಒಂದಿನಾನಾರ ಇದ್ರಲ್ಲಿ ಎಳ್ನೀರು ಹೊಡ್ದಿದ್ದಾನಾ ಕೇಳಕ್ಕಾ’ ಎಂದು ನಗುತ್ತಾನೆ.

ನಗುವ ಮಾತಲ್ಲ. ಸಂಜೆ ಲೋಡಾಗಿ ರಾತ್ರಿ ಹೊರಟರೆ, ಬೆಂಗಳೂರಿನಲ್ಲಿ ಇಳಿಸುವ ಸರದಿ ಬರುವ ತನಕ ನಿದ್ದೆಯೂ ಆ ಸೀಟಿನಲ್ಲೇ, ಕಾಲು ಚಾಚದೆ. ಮಧ್ಯಾಹ್ನ ವಾಪಸ್ ಬರುವಾಗ ಕಾದ ತಗಡಿನ ಡಬ್ಬಿ. ಮೂವತ್ನಾಲ್ಕಕ್ಕೇ ಅವನು ಗಾಡಿಯಿಂದಿಳಿದು ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತೇ ಹೆಜ್ಜೆ ಇಡುವುದು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಅದು ಲೋಡೂ ಸೇರಿ 3.5 ಟನ್ ಮೀರುವ ಗಾಡಿಗಳಿಗೆ. ನಮ್ಮ ಕಡೆಯ ಬಹುಪಾಲು ಪಿಕಪ್‌ಗಳು ಆ ಗೆರೆಯ ಕೆಳಗೇ ಉಳಿದವು. ಬಿಸಿಲಿಗೇನು ಟನ್ನಿನ ಲೆಕ್ಕ ಗೊತ್ತೆ?

ಸರಕು ಸಾಗಿಸುವ ಗಾಡಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಹಳ್ಳಿಮನೆಯಲ್ಲಿ ಸರಕಿನ ಗಾಡಿ, ಮನೆಯ ಗಾಡಿ ಎಂದು ಎರಡಿರುವುದಿಲ್ಲ. ಅವ್ವನ ಮಂಡಿನೋವು ತೋರಿಸಲು ಮಂಡ್ಯದ ಆಸ್ಪತ್ರೆಗೆ ಹೋದದ್ದು ಇದರಲ್ಲೇ. ಹತ್ತಲು ಹಿಡಿಯೋಣವೆಂದರೆ ಹಿಡಿಯಿಲ್ಲ. ತಮ್ಮ ಟೊಮೆಟೊ ಕ್ರೇಟ್ ಬೋರಲು ಹಾಕಿ ಹತ್ತಿಸಿದ. ನಾನು ನಡುವೆ, ಗೇರಿನ ಈಚೆಗೊಂದು ಕಾಲು ಆಚೆಗೊಂದು ಕಾಲು. ಪ್ರತಿ ಹಂಪಿನಲ್ಲೂ ಅವ್ವ ನನ್ನ ತೋಳು ಹಿಡಿದಳು, ನನಗೆ ಹಿಡಿಯಲು ಏನೂ ಇರಲಿಲ್ಲ.

ಎ.ಸಿ.ಯ ಮಾತು ದುಬಾರಿ ಅನ್ನಲಿ. ಒಂದು ಹಿಡಿ, ಒಂದು ಕೊಕ್ಕೆ, ಬಾಟಲಿಗೊಂದು ಗೂಡು, ಇವಕ್ಕೆಷ್ಟು ಮಹಾ ಖರ್ಚು? ಗಾಡಿಯ ನಕ್ಷೆ ಬರೆಯುವವರು ಒಂದು ರಾತ್ರಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಬಂದು, ಸಾಲಾಗಿ ನಿಂತ ಗಾಡಿಗಳ ಕಿಟಕಿಯೊಳಗೆ ಇಣುಕಿದರೆ ಸಾಕು. ಏನೇನು ಬೇಕೆಂಬುದನ್ನು ಡ್ರೈವರುಗಳು ತಂತಿ, ಗೋಣಿ, ಹಳೇ ಸೀರೆಗಳಲ್ಲಿ ಆಗಲೇ ಬರೆದಿಟ್ಟಿದ್ದಾರೆ.