ಹಾನ್ ಮೂರನೆಯದರಲ್ಲಿ ಸಾಯಬೇಕೇ, ಆರನೆಯದರ ನಂತರವೇ?

ಮದ್ರಸದಲ್ಲಿ ಕಲಿಸುವವನು ಸಿನೆಮಾದ ಬಗ್ಗೆ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾವು ಬರೆದರೂ ಬರೆಯದಿದ್ದರೂ ನಮ್ಮ ಮನೆಯ ಮಕ್ಕಳು ನೋಡುತ್ತಲೇ ಇದ್ದಾರೆ. ಬಾಗಿಲು ಹಾಕಿಕೊಂಡು ಅಂಗೈಯಗಲದ ಪರದೆಯಲ್ಲಿ ಒಬ್ಬರೇ ನೋಡುವುದಕ್ಕಿಂತ ಹಿರಿಯರ ಪಕ್ಕದಲ್ಲಿ ಕುಳಿತು ನೋಡುವುದು ವಾಸಿ ಎಂದು ನನ್ನ ಅಭಿಪ್ರಾಯ. ಒಪ್ಪದವರಿದ್ದಾರೆ. ನನ್ನ ಮನೆಯಲ್ಲೇ ಇದ್ದಾರೆ. ಅದಿರಲಿ.

ನನ್ನ ಅಣ್ಣ ಅಬುಧಾಬಿಯಲ್ಲಿ ವಾಹನ ಚಾಲಕ. ಎರಡು ವರ್ಷಕ್ಕೊಮ್ಮೆ ನಲ್ವತ್ತು ದಿನದ ರಜೆ. ಅವನ ಮಗನಿಗೆ ಈಗ ಹದಿನಾರು ವರ್ಷ. ಲೆಕ್ಕ ಹಾಕಿ ನೋಡಿ, ತಂದೆ ಮಗ ಒಂದೇ ಸೂರಿನಡಿ ಕಳೆದದ್ದು ಸುಮಾರು 320 ದಿನಗಳು. ಒಂದು ವರ್ಷವೂ ಆಗಲಿಲ್ಲ. ಫೋನಿನಲ್ಲಿ ಮಾತಾಡುತ್ತಾರೆ, ನಿಜ. ಆದರೆ 'ಊಟ ಆಯಿತೇ, ಪರೀಕ್ಷೆ ಯಾವಾಗ' ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಇಬ್ಬರಿಗೂ ದಣಿವಿಲ್ಲದೆ ಮಾತಾಡಲು ಬರುವ ವಿಷಯ ಒಂದೇ, ಕಾರುಗಳು. ಹೀಗಾಗಿ ಈ ಸಲದ ರಜೆಯಲ್ಲಿ 'ಫಾಸ್ಟ್ ಆ್ಯಂಡ್ ಫ್ಯೂರಿಯಸ್' ಸರಣಿಯ ಸಿನೆಮಾಗಳನ್ನೆಲ್ಲ ಜೊತೆಯಾಗಿ ನೋಡುವುದೆಂದು ಅವರೊಳಗೆ ಒಪ್ಪಂದವಾಗಿದೆ. ಯಾವ ಕ್ರಮದಲ್ಲಿ ನೋಡಬೇಕೆಂಬ ತೀರ್ಮಾನ ಮಾತ್ರ ನನ್ನ ತಲೆಗೆ ಬಂತು. "ಚಿಕ್ಕಪ್ಪ, ನೀವು ಬಿ.ಎ.ಯಲ್ಲಿ ಇತಿಹಾಸ ಓದಿದವರಲ್ಲವೇ? ಇಸವಿಗಳ ವಿಷಯ ನಿಮಗೇ ಗೊತ್ತು" ಎಂದ ಹುಡುಗ.

ಇದರಲ್ಲೇನು ಕಷ್ಟ, ಒಂದರ ನಂತರ ಎರಡು, ಎರಡರ ನಂತರ ಮೂರು ನೋಡಿದರಾಯಿತು ಎನ್ನುವಿರಾ? ಗೊತ್ತಿಲ್ಲದವರಿಗೆ ಹೇಳುತ್ತೇನೆ. 2001ರಲ್ಲಿ ಮೊದಲ ಸಿನೆಮಾ ಬಂತು. ಅಮೆರಿಕದ ಲಾಸ್ ಏಂಜಲೀಸ್ ನಗರದ ಬೀದಿಗಳಲ್ಲಿ ರಾತ್ರಿ ಕಾರೋಡಿಸುವವರ ಕಥೆ. ಅವರ ನಾಯಕ ಡೊಮಿನಿಕ್. ಅವನ ಗುಂಪಿಗೆ ಗುಟ್ಟಾಗಿ ಸೇರಿಕೊಂಡ ಪೊಲೀಸ್ ಬ್ರಯಾನ್. 2003ರ ಎರಡನೆಯದರಲ್ಲಿ ಬ್ರಯಾನ್ ಮಾತ್ರ ಇದ್ದಾನೆ, ಡೊಮಿನಿಕ್ ಇಲ್ಲ. 2006ರ ಮೂರನೆಯದು 'ಟೋಕಿಯೊ ಡ್ರಿಫ್ಟ್'. ಅದರಲ್ಲಿ ಇಬ್ಬರೂ ಇಲ್ಲ. ಕಟ್ಟಕಡೆಯ ಒಂದು ದೃಶ್ಯದಲ್ಲಿ ಡೊಮಿನಿಕ್ ಬಂದು ಮುಖ ತೋರಿಸಿ ಹೋಗುತ್ತಾನೆ, ಅಷ್ಟೇ. ಜಪಾನಿಗೆ ಬಂದ ಅಮೆರಿಕದ ವಿದ್ಯಾರ್ಥಿಯೊಬ್ಬನಿಗೆ ಹಾನ್ ಎಂಬವನು ಆಶ್ರಯ ಕೊಡುತ್ತಾನೆ. ಸದಾ ಏನನ್ನಾದರೂ ಕುರುಕುತ್ತಾ, ಮಾತು ಕಡಿಮೆ, ಮನಸ್ಸು ದೊಡ್ಡದು ಎಂಬಂಥ ಮನುಷ್ಯ. ಅವನು ಆ ಸಿನೆಮಾದಲ್ಲೇ ಕಾರು ಉರುಳಿ, ಬೆಂಕಿ ಹತ್ತಿ ಸಾಯುತ್ತಾನೆ.

ಇಲ್ಲಿಂದ ಗೋಜಲು ಶುರು. ಸತ್ತ ಹಾನ್ 2009ರ ನಾಲ್ಕನೆಯದರಲ್ಲಿ ಆರಾಮವಾಗಿ ಕಾರೋಡಿಸುತ್ತಿದ್ದಾನೆ! ಪ್ರೇಕ್ಷಕರಿಗೆ ಅವನು ಅಷ್ಟು ಹಿಡಿಸಿದ್ದ. ನಿರ್ದೇಶಕ ಜಸ್ಟಿನ್ ಲಿನ್‌ಗೂ ಅವನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಹಾನ್ ಎಂಬ ಪಾತ್ರ 2002ರಲ್ಲೇ ಲಿನ್‌ನ ಬೇರೊಂದು ಸಣ್ಣ ಸಿನೆಮಾದಲ್ಲಿ ಹುಟ್ಟಿದ್ದು. ನಟ ಸಂಗ್ ಕಾಂಗ್ ಎರಡೂ ಕಡೆ ಅವನೇ. ಮರಳಿ ತರುವುದಕ್ಕೆ ಉಪಾಯವೇನು? ನಾಲ್ಕು, ಐದು, ಆರನೆಯ ಸಿನೆಮಾಗಳ ಘಟನೆಗಳು ಮೂರನೆಯದಕ್ಕಿಂತ ಮೊದಲು ನಡೆದವು ಎಂದುಬಿಟ್ಟರು. 2013ರ ಆರನೆಯದರ ಕೊನೆಯಲ್ಲಿ ಆ ಟೋಕಿಯೊ ಅಪಘಾತವನ್ನು ಮತ್ತೆ ತೋರಿಸಿ, ಅದು ಅಪಘಾತವಲ್ಲ, ಕೊಲೆ ಎಂದರು. 2015ರ ಏಳನೆಯದು ಅಲ್ಲಿಂದ ಮುಂದುವರಿಯುತ್ತದೆ.

ಹಾಗಾಗಿ ಅಂತರ್ಜಾಲದಲ್ಲಿ ಎರಡು ಪಂಗಡ. ಬಿಡುಗಡೆಯಾದ ಕ್ರಮದಲ್ಲೇ ನೋಡಿ ಎನ್ನುವವರು ಒಂದು ಕಡೆ. ಕಥೆ ನಡೆದ ಕ್ರಮದಲ್ಲಿ, ಅಂದರೆ ಒಂದು, ಎರಡು, ನಾಲ್ಕು, ಐದು, ಆರು, ಆಮೇಲೆ ಮೂರು, ಮತ್ತೆ ಏಳು ಎನ್ನುವವರು ಇನ್ನೊಂದು ಕಡೆ. ನಮ್ಮ ಹುಡುಗ ಎರಡನೆಯ ಪಂಗಡದವನು. ಹರೆಯದವರಿಗೆ ಎಲ್ಲವೂ ಸಾಲಾಗಿ ಜೋಡಿಸಿರಬೇಕು.

ಇತಿಹಾಸ ಓದಿದವನಾದ್ದರಿಂದ ನಾನೂ ಅದೇ ಸರಿ ಎನ್ನಬೇಕಿತ್ತು. ಆದರೆ ಎಲ್ಲವನ್ನೂ ಒಮ್ಮೆ ನೋಡಿದ ಮೇಲೆ ನನಗೆ ಹಾಗನಿಸಲಿಲ್ಲ. ಮೊದಲನೆಯದಾಗಿ ಒಂದು ಸಣ್ಣ ತಮಾಷೆ. ಆರನೆಯದರಲ್ಲಿ ಎಲ್ಲರ ಸುತ್ತಲೂ 2013ರ ಲೋಕ. ಅದರ ಮರುದಿನ ಮೂರನೆಯದನ್ನು ಹಾಕಿದರೆ ಟೋಕಿಯೊದ ಹುಡುಗರ ಕೈಯಲ್ಲಿ ಮಡಚುವ ಮೊಬೈಲು! ಕಾಲ ಮುಂದೆ ಹೋದಂತೆ ಫೋನು ಹಿಂದೆ ಹೋಗುವುದುಂಟೇ? ಅದನ್ನು ಬೇಕಾದರೆ ನಕ್ಕು ಬಿಡಬಹುದು. ಇನ್ನೊಂದು ತೊಡಕು ದೊಡ್ಡದು. ಕಳ್ಳತನಕ್ಕಾಗಿ ಊರೂರು ಸುತ್ತಿ, ವಿಮಾನವನ್ನೇ ಕಾರುಗಳಿಂದ ಕಟ್ಟಿ ಕೆಡವಿದ ನಂತರ, ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಜಾರಿಸಲು ಕಲಿಯುವ ಶಾಲಾ ಹುಡುಗನ ಕಥೆ ಸಪ್ಪೆ ಎನಿಸುತ್ತದೆ. ದರ್ಸ್‌ನಲ್ಲಿ ಮೀಝಾನ್ ಕಲಿಸದೆ ಅಲ್ಫಿಯ್ಯ ಹಿಡಿಯುವ ಉಸ್ತಾದರಿಲ್ಲ. ಅಲ್ಫಿಯ್ಯ ಮುಗಿಸಿದವನ ಕೈಗೆ ಮತ್ತೆ ಮೀಝಾನ್ ಕೊಟ್ಟರೆ ಅವನು ಆಕಳಿಸುತ್ತಾನೆ.

ಆದರೆ ನನ್ನ ಮನಸ್ಸು ನಿಂತದ್ದು ಹಾನ್ ಬಳಿ. ಮೂರನೆಯದನ್ನು ಮೂರನೆಯದಾಗಿಯೇ ನೋಡಿದವನಿಗೆ ಈ ಮನುಷ್ಯ ಎಲ್ಲಿ, ಹೇಗೆ ಹೋಗುತ್ತಾನೆಂದು ಮೊದಲೇ ಗೊತ್ತು. ನಾಲ್ಕನೆಯದರ ಆರಂಭದಲ್ಲೇ ಹಾನ್ ಟೋಕಿಯೊದ ಹೆಸರೆತ್ತುತ್ತಾನೆ. ಐದನೆಯದರ ಕೊನೆಯಲ್ಲಿ ಜೊತೆಗಾತಿ ಗಿಝೆಲ್ ಟೋಕಿಯೊಗೆ ಹೋಗಬೇಕೆಂದಿದ್ದೆಯಲ್ಲಾ ಎಂದು ಕೇಳಿದರೆ, ಹೋದರಾಯಿತು, ಅವಸರವೇನು ಎಂಬ ಧಾಟಿಯಲ್ಲಿ ಉತ್ತರಿಸುತ್ತಾನೆ. ಗೊತ್ತಿಲ್ಲದವನಿಗೆ ಅದು ಬರಿಯ ಮಾತು. ಗೊತ್ತಿದ್ದವನಿಗೆ ಎದೆಯಲ್ಲಿ ಚುಳ್ಳೆನ್ನುತ್ತದೆ. ಅವನು ನಕ್ಕಾಗಲೆಲ್ಲ, ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಾ ಕುಳಿತಿರುತ್ತೇವೆ. ಆರನೆಯದರಲ್ಲಿ ಅವನನ್ನು ಉಳಿಸಲು ಹೋಗಿ ಗಿಝೆಲ್ ಸತ್ತ ಮೇಲೆ ಅವನು ಒಬ್ಬನೇ ಟೋಕಿಯೊಗೆ ಹೊರಡುತ್ತಾನೆ. ಮೂರನೆಯದರಲ್ಲಿ ಅವನ ಆ ಮೌನ ಯಾಕಿತ್ತೆಂದು ಆಗ ಹಿಂದಿರುಗಿ ನೋಡಿದಂತೆ ಅರ್ಥವಾಗುತ್ತದೆ.

ಇದನ್ನು ಹುಡುಗನಿಗೆ ಹೇಳಿದಾಗ, "ಸಾಯುತ್ತಾನೆ ಅಂತ ಮೊದಲೇ ಗೊತ್ತಾದರೆ ಮಜಾ ಏನು?" ಎಂದ. ನಾನು ಸುಮ್ಮನಾದೆ. ಗಲ್ಫಿನ ಮನೆಗಳಲ್ಲಿ ನಾವು ಬದುಕುವುದೇ ಹಾಗಲ್ಲವೇ? ವಿಮಾನ ಇಳಿಯುವ ದಿನವೇ ಹಿಂದಿರುಗುವ ಟಿಕೇಟು ಪಾಸ್‌ಪೋರ್ಟಿನ ನಡುವೆ ಇರುತ್ತದೆ. ಅತ್ತಿಗೆ ಮೊದಲ ದಿನದ ನೈಚೋರು ಬಡಿಸುವಾಗಲೇ ಉಪ್ಪಿನಕಾಯಿ ಭರಣಿಗೆ ಯಾವಾಗ ಹಾಕಬೇಕೆಂದು ಯೋಚಿಸಿರುತ್ತಾಳೆ. ಹೋಗುವ ದಿನ ಗೊತ್ತಿರುವುದರಿಂದ ಇರುವ ದಿನಗಳ ರುಚಿ ಕೆಡುವುದಿಲ್ಲ. ಆ ಹುಡುಗನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಹೇಳುವುದಿಲ್ಲ ಅಷ್ಟೇ. ಸ್ವಲ್ಪ ಹೊತ್ತಿನ ಬಳಿಕ, "ಸರಿ, ಬಂದ ಕ್ರಮದಲ್ಲೇ ಬರೆಯಿರಿ" ಎಂದ.

ಬರೆದೆ. ಆದರೆ ಏಳಕ್ಕೇ ನಿಲ್ಲಿಸಿದೆ. ಅದಕ್ಕೂ ವಾದವಾಯಿತು. 2017ರಲ್ಲಿ ಎಂಟು, 2021ರಲ್ಲಿ ಒಂಬತ್ತು, 2023ರಲ್ಲಿ ಹತ್ತು ಬಂದಿವೆ. ನಡುವೆ 2019ರಲ್ಲಿ ಕವಲೊಡೆದ ಇನ್ನೊಂದು. ಒಂಬತ್ತನೆಯದರಲ್ಲಿ ಹಾನ್ ಸತ್ತೇ ಇರಲಿಲ್ಲ ಎಂದು ಎಬ್ಬಿಸಿ ನಿಲ್ಲಿಸಿದ್ದಾರೆ. ಮೂರು ಸಿನೆಮಾಗಳ ಉದ್ದಕ್ಕೂ ನಮ್ಮಿಂದ ದುಃಖ ವಸೂಲು ಮಾಡಿ ಕೊನೆಗೆ 'ಸುಮ್ಮನೆ ಹೇಳಿದ್ದು' ಎಂದರೆ ಹೇಗೆ? ಕಾರು ಬಾಹ್ಯಾಕಾಶಕ್ಕೆ ಹಾರುವುದೂ ಅದರಲ್ಲೇ. ಹತ್ತನೆಯದು ಕಥೆಯ ನಡುವೆಯೇ ಕೈಬಿಡುತ್ತದೆ.

ಏಳನೆಯದು ಹಾಗಲ್ಲ. ಬ್ರಯಾನ್ ಪಾತ್ರದ ನಟ ಪಾಲ್ ವಾಕರ್, ಅದರ ಚಿತ್ರೀಕರಣ ಇನ್ನೂ ಮುಗಿಯದಿರುವಾಗ, 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 40. ಫಿಲಿಪ್ಪೀನ್ಸಿನ ಚಂಡಮಾರುತ ಸಂತ್ರಸ್ತರಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಿಂದ ಹೊರಟಿದ್ದರು. ಕಾರು ಓಡಿಸುತ್ತಿದ್ದವರು ಅವರ ಸ್ನೇಹಿತ, ಅವರೂ ಉಳಿಯಲಿಲ್ಲ. ಅತಿವೇಗವೇ ಕಾರಣವೆಂದು ತನಿಖೆ ಹೇಳಿತು. ಪರದೆಯ ಮೇಲೆ ಎಷ್ಟು ಸಲ ಉರುಳಿದರೂ ಎದ್ದು ಬಂದವರು! ಉಳಿದ ದೃಶ್ಯಗಳಿಗೆ ಅವರ ಇಬ್ಬರು ಸಹೋದರರು ನಿಂತರು, ಮುಖವನ್ನು ಕಂಪ್ಯೂಟರಿನಲ್ಲಿ ಕೂಡಿಸಿದರು. ಕೊನೆಯಲ್ಲಿ ಎರಡು ಕಾರುಗಳು ಜೊತೆಜೊತೆಗೆ ಓಡಿ, ರಸ್ತೆ ಕವಲೊಡೆಯುವಲ್ಲಿ ಬಿಳಿ ಕಾರು ಬೇರೆಯಾಗಿ ಹೋಗುತ್ತದೆ. ಮಾತು ಹೆಚ್ಚಿಲ್ಲ. ಅದಾದ ಮೇಲೆ ಇನ್ನೊಂದು ಭಾಗ ನೋಡುವ ಮನಸ್ಸು ನನಗಂತೂ ಬರಲಿಲ್ಲ. ಹುಡುಗ ಬೈಕಿನ ಕೀಲಿಗಾಗಿ ತಾಯಿಯ ಹಿಂದೆ ಬಿದ್ದಿರುವ ವಯಸ್ಸಿನಲ್ಲಿದ್ದಾನೆ. ಈ ಒಂದು ಸುದ್ದಿಯನ್ನು ತಂದೆಯ ಬಾಯಿಂದಲೇ ಕೇಳಲಿ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿಟ್ಟಿದ್ದೇನೆ.

ಏಳನ್ನು ಆರಿಸಲು ಇನ್ನೂ ಒಂದು ಕಾರಣ ಉಂಟು. ಅದರಲ್ಲಿ ಅಬುಧಾಬಿಯ ಎತಿಹಾದ್ ಟವರ್ಸ್ ಕಟ್ಟಡಗಳ ನಡುವೆ ಕಾರೊಂದು ಗಾಜು ಒಡೆದು ಗೋಪುರದಿಂದ ಗೋಪುರಕ್ಕೆ ಹಾರುತ್ತದೆ. ಅಣ್ಣ ದಿನವೂ ಆ ಗೋಪುರಗಳ ಕೆಳಗೆ ಊಟದ ಡಬ್ಬಗಳ ವ್ಯಾನ್ ಓಡಿಸುವವನು. ಮಗ ಆ ನಗರವನ್ನು ಕಂಡಿಲ್ಲ. 'ಅಗೋ, ಆ ಕಡೆಯ ರಸ್ತೆ, ನನ್ನದು' ಎಂದು ಅವನು ತೋರಿಸುವಾಗ ಪಕ್ಕದಲ್ಲಿರಬೇಕೆಂಬುದು ನನ್ನ ಆಸೆ.

ಮನೆಮಂದಿ ಒಟ್ಟಿಗೆ ಕೂರುವವರಿಗೆ ಒಂದು ಮಾತು: ರಿಮೋಟು ಹಿರಿಯರ ಕೈಯಲ್ಲಿರಲಿ. ಓಟಕ್ಕೆ ಮುಂಚಿನ ಗುಂಪು ದೃಶ್ಯಗಳಲ್ಲಿ ಅರೆಬಟ್ಟೆಯ ಮೆರವಣಿಗೆ ಬಹಳ. ಅವನ್ನು ದಾಟಿಸಿದರೆ ಕಥೆಗೆ ನಷ್ಟವಿಲ್ಲ. ಎರಡನೆಯದನ್ನು ಅರ್ಧ ನೋಡಿದರೂ ಸಾಕು. ಮೊದಲನೆಯದರಲ್ಲಿ ಊಟದ ಮೇಜಿನ ದೃಶ್ಯ ಮಾತ್ರ ಬಿಡಬೇಡಿ. ತಟ್ಟೆಗೆ ಮೊದಲು ಕೈ ಹಾಕಿದವನೇ ಪ್ರಾರ್ಥನೆ ಹೇಳಬೇಕೆಂದು ಡೊಮಿನಿಕ್ ಹಿಡಿಯುತ್ತಾನೆ. ಬಿಸ್ಮಿ ಹೇಳದೆ ಕೈ ಹಾಕುವ ನಮ್ಮ ಮಕ್ಕಳು ಅದನ್ನು ನೋಡಿ ನಗುತ್ತಾರೆ.

ವಾರಕ್ಕೆ ಎರಡರಂತೆ, ಇಶಾ ನಮಾಝಿನ ನಂತರ, ಪಟ್ಟಿ ಸಿದ್ಧವಾಗಿದೆ. ನಾಲ್ಕನೆಯ ವಾರಕ್ಕೆ ಮುಗಿಯುತ್ತದೆ. ಉಳಿದ ದಿನಗಳು ನೆಂಟರ ಮನೆಗೆ. ಎಂಟು, ಒಂಬತ್ತು, ಹತ್ತನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ ಹುಡುಗನೇ ದಾರಿ ಕಂಡುಕೊಂಡಿದ್ದಾನೆ. ಅಪ್ಪ ಹಿಂದಿರುಗಿದ ಮೇಲೆ ರಜೆಯ ದಿನ ನೋಡಿಕೊಂಡು, ಅವನು ಅಲ್ಲಿ, ಇವನು ಇಲ್ಲಿ, ಒಂದೇ ಹೊತ್ತಿಗೆ ಹಾಕುವುದಂತೆ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆಯ ವ್ಯತ್ಯಾಸವಿದೆ, ಲೆಕ್ಕ ಹಾಕಿ ಇಟ್ಟಿದ್ದಾನೆ.