ಯಾವ ಕಾಲು ಮೊದಲು?

ಮಸ್ಕಿಯ ಮಲ್ಲಯ್ಯನ ಗುಡ್ಡ ಹತ್ತುವವರ ಕಾಲನ್ನೇ ಒಮ್ಮೆ ನೋಡ್ರಿ. ಒಂದು ಮೊಣಕಾಲು ನೋಯುವ ಹಿರಿಯರು ಪ್ರತಿ ಮೆಟ್ಟಿಲಿಗೂ ಗಟ್ಟಿ ಕಾಲನ್ನೇ ಮುಂದಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಳ್ತಾರೆ. ಇಳಿಯುವಾಗ ಲೆಕ್ಕ ಉಲ್ಟಾ, ನೋವಿನ ಕಾಲು ಮೊದಲು ಕೆಳಗೆ. ಫಿಸಿಯೋಥೆರಪಿಯವರು ಹೇಳಿಕೊಡುವುದೂ ಇದನ್ನೇ. ಹತ್ತುವಾಗ ಮೈಭಾರ ಎತ್ತುವುದು ಮುಂದಿನ ಕಾಲು. ಇಳಿಯುವಾಗ ಆ ಭಾರವನ್ನು ತಡೆದು ಮೆಲ್ಲಗೆ ಬಿಡುವುದು ಮೇಲಿನ ಮೆಟ್ಟಿಲಲ್ಲಿ ಉಳಿದದ್ದು.

ನೋವಿಲ್ಲದವರಿಗೂ ಎರಡು ಕಾಲು ಪೂರಾ ಸಮ ಇರೋದು ಅಪರೂಪ. ಬಲಗಾಲಲ್ಲಿ ಚೆಂಡು ಒದ್ದಾಗ ಇಡೀ ದೇಹ ಹಿಡಿದು ನಿಲ್ಲುವುದು ಎಡಗಾಲು. ಹೆಸರು ಮಾತ್ರ ಬಲಗಾಲಿಗೆ! ಬೇಕಾದ್ರೆ ಹಲ್ಲುಜ್ಜುವಾಗ ಒಂಟಿಗಾಲಲ್ಲಿ ನಿಂತು, ಆಮೇಲೆ ಕಾಲು ಬದಲಿಸಿ ನೋಡ್ರಿ. ಗೋಡೆ ಮಾತ್ರ ಕೈಗೆ ಸಿಗುವಂತಿರಲಿ.